ಅಕ್ಕನ ಉಬ್ಬರ

ನನ್ನ ಅಕ್ಕ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಹೋದಳು. ಆ ನೀರು ದಿನದಿಂದ ದಿನಕ್ಕೆ ಏರುತ್ತಿದ್ದ ನಾಲ್ಕು ತಿಂಗಳೂ ನಾನು ಕಾಗದದ ಮೇಲೆ ಸಮುದ್ರದ ನೀರನ್ನು ಇಳಿಸಲು ಒದ್ದಾಡುತ್ತಿದ್ದೆ. ಎರಡಕ್ಕೂ ನಮ್ಮಲ್ಲಿ ಹೆಸರು ಒಂದೇ, ಉಬ್ಬರ. ಈ ಒಂದು ಮಾತು ನಮ್ಮಿಬ್ಬರ ನಡುವೆ ಮಾಡಿದ ಅನಾಹುತವನ್ನು ನಾನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಕೇಳಿದವರಿಗೆಲ್ಲ ಕಾಯಿಲೆ ತಡವಾಗಿ ಗೊತ್ತಾಯಿತು ಎಂದಿದ್ದೇನೆ. ಅದು ಸುಳ್ಳಲ್ಲ. ತಡ ಮಾಡಿದವರು ಯಾರು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಕೋಲಾರದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ. ನಾವು ಕಂಡ ನೀರೆಂದರೆ ಬಾವಿಯದು, ಕೆರೆಯದು. ಎರಡು ವರ್ಷ ಸಮುದ್ರದ ಮೇಲೆ ಸಂಶೋಧನೆ ಮಾಡಿದ ಮೇಲೂ ನಾನು ಸಮುದ್ರ ನೋಡಿರಲಿಲ್ಲ ಎಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ನಾನೇನೂ ಇಷ್ಟಪಟ್ಟು ಆ ವಿಷಯ ಆರಿಸಿಕೊಂಡವನಲ್ಲ. ಪಿಎಚ್‌ಡಿ ಇಲ್ಲದಿದ್ದರೆ ಇದ್ದಲ್ಲೇ ಕೊಳೆಯುತ್ತೀಯ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೆದರಿಸಿದರು. ಬೆಂಗಳೂರಿನಲ್ಲಿ ನನ್ನನ್ನು ಸೇರಿಸಿಕೊಳ್ಳಲು ಒಪ್ಪಿದ ಪ್ರೊಫೆಸರರ ಹತ್ತಿರ ಮಿಕ್ಕಿದ್ದ ವಿಷಯ ಅದೊಂದೇ.

ಕೆಲಸ ಹೇಳಲು ಸುಲಭ. ಪಶ್ಚಿಮ ಕರಾವಳಿಯಲ್ಲಿ ಒಂದು ಅಳಿವೆ, ಅಂದರೆ ನದಿ ಸಮುದ್ರ ಸೇರುವ ಬಾಯಿ. ಅದರ ನಕ್ಷೆಯ ಮೇಲೆ ಚೌಕ ಚೌಕವಾಗಿ ಗೆರೆ ಎಳೆಯಬೇಕು. ಒಂದೊಂದು ಚೌಕದಲ್ಲೂ ಎಷ್ಟು ಆಳ, ಈ ಗಳಿಗೆಯಲ್ಲಿ ನೀರು ಎಷ್ಟು ಎತ್ತರ, ಯಾವ ಕಡೆಗೆ ಎಷ್ಟು ವೇಗವಾಗಿ ಸಾಗುತ್ತಿದೆ ಎಂದು ಬರೆದುಕೊಳ್ಳಬೇಕು. ಅಕ್ಕಪಕ್ಕದ ಚೌಕಗಳಿಂದ ಬಂದದ್ದೆಷ್ಟು, ಹೋದದ್ದೆಷ್ಟು, ತಳದ ಮರಳು ಎಳೆದು ನಿಲ್ಲಿಸಿದ್ದೆಷ್ಟು ಎಂದು ಕೂಡಿ ಕಳೆದರೆ ಅರ್ಧ ನಿಮಿಷದ ಆಮೇಲಿನ ನೀರು ಸಿಗುತ್ತದೆ. ಅದರಿಂದ ಇನ್ನರ್ಧ ನಿಮಿಷದ್ದು. ಹೀಗೆ ಮುಂದುವರಿದರೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಕಾಗದದ ಮೇಲೆ ತಾವಾಗಿ ನಡೆಯಬೇಕು, ಬಂದರಿನಲ್ಲಿ ಅಳೆದಿಟ್ಟ ಮಟ್ಟಕ್ಕೆ ತಾಳೆಯಾಗಬೇಕು. ಕೈಯಲ್ಲಿ ಮಾಡುತ್ತ ಕೂತರೆ ಒಂದು ದಿನದ ಸಮುದ್ರಕ್ಕೆ ಒಂದು ಆಯಸ್ಸು ಬೇಕು. ಅದಕ್ಕೇ ಕಂಪ್ಯೂಟರ್, ಅದು ಇದ್ದದ್ದು ಬೆಂಗಳೂರಿನಲ್ಲಿ. ಲೆಕ್ಕದ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನಲ್ಲಿ ತೂತು ಹೊಡೆಸಿ, ಆ ರಟ್ಟಿನ ಕಟ್ಟನ್ನು ಚಪ್ಪಲಿ ಪೆಟ್ಟಿಗೆಯಲ್ಲಿಟ್ಟುಕೊಂಡು ಪ್ರತಿ ಶನಿವಾರ ಬಸ್ಸು ಹತ್ತುತ್ತಿದ್ದೆ. ಬಸ್ಸು ಕೈಕೊಟ್ಟ ದಿನ ಮಾಲೂರಿಗೆ ಹೋಗಿ ರೈಲು ಹಿಡಿಯುತ್ತಿದ್ದೆ. ಕಟ್ಟನ್ನು ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬಂದರೆ ಮುಂದಿನ ವಾರ ಉತ್ತರ, ಅಂಚಿನುದ್ದಕ್ಕೂ ತೂತಿದ್ದ ಅಗಲವಾದ ಕಾಗದದ ಮಡಿಕೆಗಳಲ್ಲಿ ಬರುತ್ತಿತ್ತು.

ಇದನ್ನು ಅಮ್ಮನಿಗೆ ಹೇಳುವುದು ಹೇಗೆ? ಉಬ್ಬರದ ಮೇಲೆ ಓದುತ್ತಿದ್ದೇನೆ, ಮುಗಿದರೆ ನನ್ನನ್ನು ಡಾಕ್ಟರ್ ಎನ್ನುತ್ತಾರೆ ಎಂದೆ. ಅಷ್ಟೇ ಸಾಕಾಯಿತು. "ನನ್ ಮಗ ಉಬ್ಬರದ ಡಾಕ್ಟ್ರು ಆಗ್ತವ್ನೆ" ಎಂದು ಊರಿಗೆಲ್ಲ ಸಾರಿಬಿಟ್ಟಳು. ನಮ್ಮ ಕಡೆ ಉಬ್ಬರವೆಂದರೆ ಹೊಟ್ಟೆಯುಬ್ಬರ. ಹುರುಳಿ ಸಾರು ಹೆಚ್ಚು ಉಂಡರೆ ಬರುವುದು, ಹಸು ಹಸಿ ಜೋಳದ ಸೊಪ್ಪು ಮೇಯ್ದರೆ ಬರುವುದು. ನಾನು ಊರಿಗೆ ಹೋದ ಭಾನುವಾರ ಜಗಲಿಯ ಮೇಲೆ ಇಬ್ಬರು ಮೂವರು ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದರು. ಮನೆಯಲ್ಲಿ ಅರ್ಧ ಮಾತು ತೆಲುಗು. ಸಮುದ್ರದ ಉಬ್ಬರಕ್ಕೆ ಅದರಲ್ಲಿ ಪೋಟು ಎನ್ನುತ್ತಾರೆಂದು ಪುಸ್ತಕ ನೋಡಿ ತಿಳಿದುಕೊಂಡು ಆ ಮಾತನ್ನೂ ಬಳಸಿ ನೋಡಿದೆ. ನಮ್ಮಲ್ಲಿ ಪೋಟು ಎಂದರೆ ಸಿಡಿಯುವ ನೋವು. ಮುಂದಿನ ವಾರ ಒಬ್ಬ ಅಜ್ಜ ದವಡೆ ಹಿಡಿದುಕೊಂಡು ಬಂದ. ಸಮುದ್ರ ಕಾಣದ ನಮ್ಮ ಜನ ಎರಡು ಭಾಷೆಯಲ್ಲೂ ಸಮುದ್ರದ ಮಾತನ್ನು ಮೈಯೊಳಗೇ ಇಟ್ಟುಕೊಂಡಿದ್ದರು. ನಾನು ಮೊದಮೊದಲು ಸಿಡುಕಿದೆ. ಆಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಬಣ್ಣ ಕಟ್ಟಿ ಹೇಳತೊಡಗಿದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ನನಗೆ ನನ್ನವರೆಂದು ಉಳಿದವಳು ಅಕ್ಕ ಒಬ್ಬಳೇ. ನನಗಿಂತ ಎಂಟು ವರ್ಷ ದೊಡ್ಡವಳು, ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಮಕ್ಕಳಿರಲಿಲ್ಲ. ಭಾವ ರಾಗಿ ಹೊಲ ನೋಡಿಕೊಂಡರೆ ಇವಳದು ರೇಷ್ಮೆ ಹುಳು. ಹಿಪ್ಪುನೇರಳೆ ಸೊಪ್ಪನ್ನು ಅವಳಷ್ಟು ಸಣ್ಣಗೆ ಹೆಚ್ಚುವವರನ್ನು ನಾನು ನೋಡಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು, ಪೋಸ್ಟ್ ಕಾರ್ಡು ತಾನೇ ಬರೆಯುತ್ತಿದ್ದಳು. ನನ್ನ ಕಂಪ್ಯೂಟರ್ ಕಾಗದಗಳಲ್ಲಿ ಕೆಲಸಕ್ಕೆ ಬಾರದವನ್ನು ಅವಳಿಗೆ ಕೊಡುತ್ತಿದ್ದೆ. ಅದನ್ನು ಅವಳು ಹುಳುವಿನ ತಟ್ಟೆಗೆ ಹಾಸುತ್ತಿದ್ದಳು, ನ್ಯೂಸ್ ಪೇಪರಿಗಿಂತ ಚೆನ್ನಾಗಿ ತೇವ ಹೀರುತ್ತದೆ ಎನ್ನುತ್ತಿದ್ದಳು. ಹೀಗಾಗಿ ನನ್ನ ಸಮುದ್ರದ ಬಹುಭಾಗವನ್ನು ಹುಳುಗಳೇ ನೋಡಿವೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ತಲೆ ಎತ್ತಿ ಕೂರುವುದಕ್ಕೆ ಅಲ್ಲಿನವರು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರ ಬಂದರೆ ಅವಳಿಗೆ ಸಂತೋಷ, ಅಷ್ಟು ಹೊತ್ತು ಸೊಪ್ಪು ಹಾಕುವ ಕೆಲಸವಿಲ್ಲ.

ಅಕ್ಕನಿಗೆ ಮಾತ್ರ ನಾನು ಸಮುದ್ರದ ವಿಷಯ ಬಿಡಿಸಿ ಹೇಳಿದ್ದೆ. ಸೊಪ್ಪು ಹೆಚ್ಚುತ್ತಲೇ ಕೇಳಿದಳು. "ಅಂಗಾದ್ರೆ ಸಮುದ್ರಕ್ಕೂ ಹೊಟ್ಟೆ ಉಬ್ತದೇನೋ?" ಎಂದಳು. ಹೌದು ಕಣೇ, ದಿನಕ್ಕೆ ಎರಡು ಸಲ ಎಂದೆ. "ನಿಮ್ ಭಾವಂಗಿಂತ ವಾಸಿ ಬಿಡು" ಎಂದು ಒಳಗಿದ್ದ ಭಾವನಿಗೆ ಕೇಳುವಂತೆ ಹೇಳಿ ನಕ್ಕಳು. ಆ ವರ್ಷ ನನ್ನ ಲೆಕ್ಕ ಕೆಟ್ಟು ಕೂತಿತ್ತು. ಕಾಗದದ ಮೇಲೆ ಉಬ್ಬರ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಏರಿ ಏರಿ, ಅಂಕಿ ತನ್ನ ಜಾಗದಲ್ಲಿ ಹಿಡಿಸದಾದಾಗ ಯಂತ್ರ ಅಂಕಿಯ ಬದಲು ಚುಕ್ಕಿ ನಕ್ಷತ್ರಗಳನ್ನು ಅಚ್ಚು ಹಾಕುತ್ತಿತ್ತು. ಪುಟಗಟ್ಟಲೆ ನಕ್ಷತ್ರ. ತಟ್ಟೆಗೆ ಹಾಸುವಾಗ ಅದನ್ನು ನೋಡಿ ಅಕ್ಕ ಇದೇನು ರಂಗೋಲಿ ಎಂದು ಕೇಳಿದಳು. ಉಬ್ಬರ ಇಳಿಯುತ್ತಿಲ್ಲ, ಅದಕ್ಕೇ ಎಂದೆ. "ಒಂದ್ ಹಿಡಿ ಓಮು ಹಾಕಿ ಕಷಾಯ ಕುಡ್ಸು, ಇಳೀತದೆ" ಎಂದಳು. ಅಲ್ಲಿಂದ ಅದು ನಮ್ಮಿಬ್ಬರ ತಮಾಷೆಯಾಯಿತು. ಪ್ರತಿ ಕಾರ್ಡಿನ ಕೊನೆಯಲ್ಲೂ ಬರೆಯುತ್ತಿದ್ದಳು, ನಿನ್ ಉಬ್ಬರ ಇಳೀತಾ, ಓಮು ಹಾಕಿದ್ಯಾ ಎಂದು.

ಒಂದು ದಿನ ಬಂದ ಕಾರ್ಡಿನಲ್ಲಿ ಹೀಗಿತ್ತು: "ಕ್ಷೇಮ. ಹುಳ ಎರಡನೇ ಜ್ವರಕ್ಕೆ ಕೂತಿವೆ. ಉಬ್ಬರ ಏರ್ತಾನೇ ಐತೆ, ಇಳೀತಿಲ್ಲ. ಓಮು ಹಾಕಿದ್ದಾಯ್ತು. ನೀನು ಒಂದ್ ಸಲ ಬಂದು ನೋಡಿದ್ರೆ ಚೆನ್ನಾಗಿತ್ತು."

ನಾನು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಅದನ್ನು ಓದಿ ನಕ್ಕೆ. ಜ್ವರವೆಂದರೆ ಜ್ವರವಲ್ಲ, ಉಬ್ಬರವೆಂದರೆ ಉಬ್ಬರವಲ್ಲ ಎಂಬ ಲೋಕದಲ್ಲಿ ನಾವಿಬ್ಬರೂ ಎಷ್ಟು ಸಲೀಸಾಗಿ ಓಡಾಡುತ್ತಿದ್ದೆವೆಂದರೆ, ಆ ಸಲ ಕಾರ್ಡಿನಲ್ಲಿ 'ನಿನ್' ಎಂಬ ಮಾತು ಇಲ್ಲದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನೇ ಸೇರಿಸಿಕೊಂಡು ಓದಿದೆ. ಬಂದು ನೋಡು ಎಂದದ್ದು ಕರೆಯುವ ನೆಪ ಎಂದುಕೊಂಡೆ. ಅವಳಿಗೆ ಹೆಚ್ಚು ಬರೆಯಲು ಆಗುತ್ತಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಪೋಸ್ಟ್ ಕಾರ್ಡನ್ನು ಅಂಚೆಯವನು ಓದುತ್ತಾನೆ, ಅವನು ಕೂತು ಬೀಡಿ ಸೇದುವ ಅಂಗಡಿಯವರೂ ಓದುತ್ತಾರೆ. ಮಕ್ಕಳಿಲ್ಲದ ಹೆಂಗಸು ನಲವತ್ತರ ಹತ್ತಿರ ತನ್ನ ಹೊಟ್ಟೆ ದೊಡ್ಡದಾಗುತ್ತಿದೆ ಎಂದು ಬಿಡಿಸಿ ಬರೆಯುವುದುಂಟೆ? ಒಂದೇ ಮಾತಿನಲ್ಲಿ ಹೇಳಿದ್ದಳು. ಆ ಮಾತು ಅರ್ಥವಾಗುವ ಒಬ್ಬನೇ ಒಬ್ಬ ಮನುಷ್ಯ ನಾನು ಎಂದು ಅವಳು ನಂಬಿದ್ದಳು.

ನಾನು ಬರೆದ ಉತ್ತರ ನನಗೆ ಅಕ್ಷರ ಅಕ್ಷರವೂ ನೆನಪಿದೆ. "ಅಕ್ಕ, ಏರಿದ ಉಬ್ಬರ ಇಳಿಯಲೇಬೇಕು, ಅದರ ಗುಣವೇ ಹಾಗೆ. ಯಾರೂ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕಾಯಬೇಕು. ಓಮು ನಿಲ್ಲಿಸಬೇಡ. ನನಗೆ ಈಗ ಬಿಡುವಿಲ್ಲ. ಇಳಿದ ದಿನ ನಾನೇ ಬರುತ್ತೇನೆ." ಬರೆದು, ಚೆನ್ನಾಗಿ ಬಂತು ಎಂದು ಇನ್ನೊಮ್ಮೆ ಓದಿಕೊಂಡು, ಡಬ್ಬಿಗೆ ಹಾಕಿದೆ.

ಬಿಡುವಿಲ್ಲದ್ದು ನಿಜ. ಪ್ರೊಫೆಸರರು ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ನೀರು ಇಳಿಯದಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ತಳದ ಘರ್ಷಣೆ ಹೆಚ್ಚಿಸಿ ನೋಡಿದೆ, ಅರ್ಧ ನಿಮಿಷವನ್ನು ಕಾಲು ನಿಮಿಷ ಮಾಡಿ ನೋಡಿದೆ. ವಾರ ವಾರವೂ ನಕ್ಷತ್ರ. ಅಕ್ಕನಿಂದ ಇನ್ನೆರಡು ಕಾರ್ಡು ಬಂದವು. ಒಂದರಲ್ಲಿ "ಕಾಯ್ತಾ ಇದೀನಿ" ಎಂದಿತ್ತು. ಸಿಡುಕು ಬಂತು. ಎಲ್ಲರಿಗೂ ನನ್ನ ಸಮುದ್ರ ಇಳಿಯುವುದೇ ಬೇಕಾಗಿದೆ ಎಂದುಕೊಂಡೆ. ಅದಕ್ಕೆ ಉತ್ತರ ಬರೆಯಲಿಲ್ಲ.

ಕೊನೆಗೆ ತಪ್ಪು ಹಿಡಿದವರು ಪ್ರೊಫೆಸರರೇ. ನಕ್ಷೆ ಎಲ್ಲೋ ಒಂದು ಕಡೆ ಮುಗಿಯಬೇಕಲ್ಲ, ಆ ಅಂಚಿಗೆ ಬಂದ ನೀರು ಏನು ಮಾಡಬೇಕು ಎಂದು ಲೆಕ್ಕಕ್ಕೆ ಹೇಳಿಕೊಡಬೇಕಾಗುತ್ತದೆ. ನಾನು ಉತ್ತರದ ಅಂಚಿಗೂ ದಕ್ಷಿಣದ ಅಂಚಿಗೂ ನೀರು ದಾಟದಂತೆ ಗೋಡೆ ಬರೆದಿದ್ದೆ. ಪಡುವಣದ ಕಡೆಯಿಂದ ಒಳಗೆ ಬಂದ ಅಲೆ ಹೊರಗೆ ಹೋಗಲು ದಾರಿಯಿಲ್ಲದೆ, ಗೋಡೆಗೆ ಬಡಿದು ವಾಪಸು ಬಂದು, ಹಿಂದಿನಿಂದ ಬಂದ ಅಲೆಯ ಮೇಲೆ ಕೂರುತ್ತಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ನನಗೆ ಅನುಮಾನ ಬಂದಿರಲಿಲ್ಲ. ನನಗೆ ನೀರೆಂದರೆ ಕೆರೆ, ಸುತ್ತ ದಡ, ಒಂದು ಕಡೆ ಮಣ್ಣಿನ ಏರಿ. ಹಾಗಲ್ಲದ ನೀರನ್ನು ನಾನು ಕಂಡಿದ್ದರೆ ತಾನೆ. "ಏನ್ರೀ ಇದು," ಎಂದರು ಅವರು, "ಕೋಲಾರದಿಂದ ಬಂದು ಅರಬ್ಬಿ ಸಮುದ್ರಕ್ಕೂ ಕೆರೆ ಏರಿ ಕಟ್ಟಿಬಿಟ್ಟಿದೀರಲ್ಲ!" ಸುತ್ತ ಇದ್ದವರೆಲ್ಲ ನಕ್ಕರು. ನನ್ನ ಮುಖ ಕೆಂಪಾಯಿತು. ಹತ್ತು ಹನ್ನೆರಡು ರಟ್ಟು ಬದಲಾಯಿಸಿ, ಬಂದ ಅಲೆ ಅಂಚು ದಾಟಿ ಹೊರಟುಹೋಗುವಂತೆ ಬರೆದೆ. ಮುಂದಿನ ವಾರದ ಕಾಗದದಲ್ಲಿ ಒಂದೂ ನಕ್ಷತ್ರವಿರಲಿಲ್ಲ. ನೀರು ಏರಿತು, ನಿಂತಿತು, ಇಳಿಯಿತು. ಅಳಿವೆಯೊಳಗಿನ ಚೌಕಗಳಲ್ಲಿ ಸ್ವಲ್ಪ ತಡವಾಗಿ ಇಳಿಯಿತು, ನಿಜವಾದ ನೀರು ಹೇಗೋ ಹಾಗೆ. ನನಗೆ ಅಳು ಬಂತು.

ಮಾರನೆಯ ದಿನ ಬೆಳಿಗ್ಗೆ ಆ ಕಾಗದದ ಮಡಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಇಳಿದು ಒಂದೂವರೆ ಮೈಲಿ ಮಾವಿನ ತೋಪುಗಳ ನಡುವೆ ನಡೆದೆ. ಆ ದಾರಿಯಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಮನೆಯ ಬಾಗಿಲಿನಿಂದಲೇ, "ಅಕ್ಕಾ, ಇಳೀತು ಕಣೇ!" ಎಂದು ಕೂಗಿದೆ.

ಅಕ್ಕ ಹುಳುವಿನ ತಟ್ಟೆಗಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಒಣಗಿ ಚಿಕ್ಕದಾಗಿತ್ತು, ಕೈಗಳು ಕಡ್ಡಿಯಾಗಿದ್ದವು. ಸೀರೆಯ ಕೆಳಗೆ ಹೊಟ್ಟೆ ದಿನ ತುಂಬಿದ ಬಸುರಿಯದರಷ್ಟು ದೊಡ್ಡದಾಗಿತ್ತು. ಸೊಪ್ಪು ಹೆಚ್ಚುತ್ತಿದ್ದವರು ಭಾವ.

"ನಿಂದು ಇಳೀತಾ?" ಎಂದಳು ಅಕ್ಕ. ನಿಜವಾಗಿಯೂ ಸಂತೋಷದಿಂದ ಕೇಳಿದಳು. "ನಂದಿನ್ನೂ ಇಳೀಲಿಲ್ಲ ಕಣೋ."

ಮೂರೂ ಕಾರ್ಡು ಒಟ್ಟಿಗೆ ಕಣ್ಣಮುಂದೆ ಬಂದವು, ಒಂದೊಂದು ಮಾತೂ ಅದರ ನಿಜವಾದ ಅರ್ಥದಲ್ಲಿ. ಕೂರಲು ಹೋಗಿ ಕೂರಲಾಗದೆ ಹಿತ್ತಿಲಿಗೆ ಹೋದೆ. ಭಾವ ಹಿಂದೆಯೇ ಬಂದರು. "ಊರ ಹೆಂಗಸ್ರು ಏನೇನೋ ಅನ್ಕೊಂಡ್ರು, ಲೇಟಾಗಿ ಬಸುರು ನಿಂತೈತೆ ಅಂತ. ನಾನು ಕೋಲಾರಕ್ಕೆ ಹೋಗಾಣ ಅಂತ ಮೂರು ಸಲ ಗಾಡಿ ಕಟ್ಟಿದೆ ಕಣಪ್ಪಾ. ಬ್ಯಾಡ ಅಂದ್ಲು. ಅಷ್ಟು ದೊಡ್ಡ ಸಮುದ್ರದ ಉಬ್ಬರಾನೇ ಲೆಕ್ಕ ಹಾಕೋನಿಗೆ ನನ್ ಹೊಟ್ಟೆ ಯಾವ ಲೆಕ್ಕ, ಕಾಯ್ಬೇಕು ಅಂತ ಬರ್ದವ್ನೆ, ಕಾಯ್ತೀನಿ ಅಂದ್ಲು. ಏಂ ಚೇಸ್ತಾಂ, ಓದ್ದೋನು ನೀನು." ಏನು ಮಾಡೋಣ ಎಂದು ತೆಲುಗಿನಲ್ಲಿ ಅಂದ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆನೇನೋ. ನನಗೂ ಅವಳ ಕಾರ್ಡು ಅರ್ಥವಾಗಲಿಲ್ಲ ಭಾವ ಎಂದು ಅವರಿಗೆ ಹೇಳಬೇಕಿತ್ತು. ಗಾಡಿ ಕಟ್ಟಿ ಎಂದಷ್ಟೇ ಹೇಳಿದೆ.

ಅವತ್ತೇ ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಲೇಡಿ ಡಾಕ್ಟರು ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕರೆದು, ಗರ್ಭಕೋಶದ ಪಕ್ಕದಲ್ಲಿ ಗಡ್ಡೆಯಿದೆ, ಹೊಟ್ಟೆಗೆಲ್ಲ ಹರಡಿದೆ, ಅದರಿಂದ ನೀರು ಎಂದರು. ಮೊದಲೇ ಬಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತು ಎಂದರು. "ಯಾಕೆ ಇಷ್ಟು ದಿನ ಬಿಟ್ರಿ?" ಎಂದು ಕೇಳಿದರು. ಹಳ್ಳಿ ಜನ ಮೇಡಂ, ತಿಳಿಯಲಿಲ್ಲ ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಅತಿ ನೀಚ ಮಾತು ಅದು. ಮುಂದೆ ನನ್ನ ಪ್ರಬಂಧ ಒಪ್ಪಿಗೆಯಾಯಿತು, ಕಾಲೇಜಿನವರು ಹಾರ ಹಾಕಿದರು. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಲು ಮಾತ್ರ ನನ್ನ ಕೈ ಏಳಲಿಲ್ಲ.

ಸೂಜಿ ಚುಚ್ಚಿ ನೀರು ತೆಗೆದರು. ಹೊಟ್ಟೆ ಇಳಿಯಿತು. ಅಕ್ಕನಿಗೆ ಉಸಿರು ಸಲೀಸಾಯಿತು, ಹಿಗ್ಗಿಹೋದಳು. "ನೋಡ್ದಾ, ನೀನು ಬರ್ದಂಗೇ ಆಯ್ತು," ಎಂದಳು. ಎರಡು ದಿನಕ್ಕೆ ಮತ್ತೆ ತುಂಬಿತು. ಅವಳು ಹೆದರಲಿಲ್ಲ. ಏರುವುದು, ಇಳಿಯುವುದು ಅದರ ಗುಣ ಎಂದು ಪಕ್ಕದ ಮಂಚದವಳಿಗೆ ತಾನೇ ಸಮಾಧಾನ ಹೇಳುತ್ತಿದ್ದಳು. ಮತ್ತೆ ತೆಗೆದರು, ಮತ್ತೆ ತುಂಬಿತು.

ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಕೇಳಿದಳು: "ಲೇ, ಪೂರ್ತಿ ಇಳ್ಯೋಕೆ ಇನ್ನೆಷ್ಟು ದಿನ ಬೇಕು, ಸರಿಯಾಗಿ ಲೆಕ್ಕ ಹಾಕಿ ಹೇಳು. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ಗೆ ನಾನು ಮನೇಲಿರ್ಬೇಕು. ನಿಮ್ ಭಾವಂಗೆ ಒಬ್ರಿಗೇ ಆಗಲ್ಲ."

ಹೇಳಬಹುದಿತ್ತು. ಅಕ್ಕಾ, ನಾನು ಬರೆದದ್ದು ಸಮುದ್ರದ ವಿಷಯ, ನಿನ್ನ ಕಾರ್ಡನ್ನು ನಾನು ತಮಾಷೆ ಎಂದುಕೊಂಡೆ, ನನಗೆ ಹೊಟ್ಟೆಯ ವಿಷಯ ಏನೂ ಗೊತ್ತಿಲ್ಲ, ನನ್ನಿಂದ ತಪ್ಪಾಯಿತು. ಇಷ್ಟೇ ಮಾತು. ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಬಹುಶಃ ಕ್ಷಮಿಸುತ್ತಲೂ ಇದ್ದಳು. ಆದರೆ ತಾನು ಸಾಯುತ್ತಿದ್ದೇನೆ ಎಂದು ಅವಳಿಗೆ ಆ ಮಾತಿನಿಂದಲೇ ತಿಳಿಯುತ್ತಿತ್ತು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಅವಳ ಕಣ್ಣಲ್ಲಿ ಚಿಕ್ಕವನಾಗಲು ಇಷ್ಟವಿರಲಿಲ್ಲ.

"ಎಂಟು ದಿನ," ಎಂದೆ.

ಎಂಟು ಯಾಕೆಂದು ನನಗೆ ಗೊತ್ತಿಲ್ಲ. ನಾಲ್ಕು ತೀರ ಹತ್ತಿರ, ಹದಿನೈದು ತೀರ ದೂರ ಅನ್ನಿಸಿರಬೇಕು. ಅವಳು ತಲೆಯಾಡಿಸಿ ಗಂಜಿ ಕುಡಿದಳು. ಮಾರನೆಯ ಬೆಳಿಗ್ಗೆ ಡಾಕ್ಟರು ಬಂದಾಗ, "ಇನ್ನು ಏಳು ದಿನ ಅಷ್ಟೇಮ್ಮ, ನನ್ ತಮ್ಮ ಲೆಕ್ಕ ಹಾಕವ್ನೆ, ಅವ್ನು ಓದಿರೋದು ಇದನ್ನೇ" ಎಂದಳು. ಡಾಕ್ಟರು ನನ್ನ ಕಡೆ ತಿರುಗಿ, "ಓ, ನೀವೂ ಡಾಕ್ಟರಾ?" ಎಂದರು. "ಇನ್ನೂ ಆಗಿಲ್ಲ," ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ, ಅಕ್ಕನಿಗೆ ಬೇರೆ ರೀತಿ ಅರ್ಥವಾಯಿತು. "ಆಗ್ತಾನೆ," ಎಂದಳು.

ದಿನಾ ಬೆಳಿಗ್ಗೆ ಒಂದೊಂದು ಬೆರಳು ಮಡಚಿ ಎಣಿಸುತ್ತಿದ್ದಳು. ನಾನು ಕಾಲೇಜಿಗೆ ಹೋಗುವ ಮೊದಲು ಒಮ್ಮೆ, ಮುಗಿಸಿ ಬರುವಾಗ ಒಮ್ಮೆ ಅವಳ ಹತ್ತಿರ ಹೋಗುತ್ತಿದ್ದೆ. ಆರನೇ ದಿನದಿಂದ ಅವಳಿಗೆ ಅನ್ನ ಸೇರಲಿಲ್ಲ. ಎಂಟನೇ ದಿನ ಸಂಜೆ ಹೊಟ್ಟೆ ಎಂದಿಗಿಂತ ಬಿಗಿಯಾಗಿತ್ತು. ಒಂಬತ್ತನೇ ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ನನ್ನದಲ್ಲದ ಪರೀಕ್ಷೆಯ ಡ್ಯೂಟಿಯನ್ನು ಬೇಡಿ ಹಾಕಿಸಿಕೊಂಡು, ಹುಡುಗರು ಬರೆಯುವುದನ್ನು ನೋಡುತ್ತ ಬೆಂಚುಗಳ ಮಧ್ಯೆ ಓಡಾಡುತ್ತಿದ್ದೆ.

ಮಧ್ಯಾಹ್ನ ಭಾವ ಕಾಲೇಜಿನ ಗೇಟಿಗೆ ಬಂದು ನಿಂತರು. ಟವಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನೋಡಿದ ತಕ್ಷಣ ತಿಳಿಯಿತು.

"ಬೆಳಗ್ಗೆಯಿಂದ ಬಾಗ್ಲ ಕಡೇನೇ ನೋಡ್ತಿದ್ಲು," ಎಂದರು. "ನೀನು ಬರ್ಲಿಲ್ಲ. ನಾಚ್ಕೊಂಡವ್ನೆ ಪಾಪ ಅಂದ್ಲು. ಅವನ್ಗೆ ಹೇಳಿ, ಅವನ ಲೆಕ್ಕ ತಪ್ಪಿಲ್ಲ, ನಾನೇ ದಿನ ಎಣ್ಸೋದು ತಪ್ಪಿರ್ಬೇಕು ಅಂದ್ಲು. ಆಮೇಲೆ ಮಾತಾಡ್ಲಿಲ್ಲಪ್ಪ."